‘ಬೆಳಗಾಗಲಿ’ ಅಂತ ಕಾಯಬೇಡಿ

ಪ್ರಶ್ನೆ: ಅಪ್ಪನಿಗೆ 76 ವರ್ಷ, ಸಕ್ಕರೆ ಕಾಯಿಲೆ ಇದೆ. ಅಮ್ಮನ ಜೊತೆ ಹೊಸನಗರ ತಾಲ್ಲೂಕಿನ ಹಳ್ಳಿಯಲ್ಲಿದ್ದಾರೆ. ಹೋದ ತಿಂಗಳು ರಾತ್ರಿ 11ಕ್ಕೆ ಏದುಸಿರು ಬಂದು ಮೈಯೆಲ್ಲ ಬೆವರಿತಂತೆ. ‘ಎದೆ ನೋವಿಲ್ಲ, ಗ್ಯಾಸ್ ಇರ್ಬೇಕು, ಬೆಳಗಾಗಲಿ’ ಅಂದರಂತೆ. ಬೆಳಿಗ್ಗೆ ಪಕ್ಕದ ಮನೆಯವರ ಜೀಪಿನಲ್ಲಿ ಹೋದರೆ ಹೃದಯಾಘಾತ! ಈಗ ಹುಷಾರಾಗಿದ್ದಾರೆ. ಮತ್ತೆ ಹೀಗಾದರೆ? ನಾನಿರುವುದು ಬೆಂಗಳೂರಿನಲ್ಲಿ.

ಉತ್ತರ: ಅಪ್ಪ ಉಳಿದರಲ್ಲ, ಓದಿ ಸಮಾಧಾನವಾಯಿತು. ಮಲೆನಾಡಿನ ತಾಲ್ಲೂಕು ಆಸ್ಪತ್ರೆಯಲ್ಲಿ ಬಹಳ ವರ್ಷ ರಾತ್ರಿ ಪಾಳಿ ಮಾಡಿದವಳು ನಾನು. ‘ಬೆಳಗಾಗಲಿ’ ಅನ್ನೋ ಮಾತು ಕೇಳಿದರೆ ಈಗಲೂ ಹೊಟ್ಟೆ ಹಿಂಡುತ್ತದೆ. ಒಬ್ಬ ಅಜ್ಜಿಗೆ ನಸುಕಿನಲ್ಲೇ ಎಡಗೈ ಸೋತಿತ್ತು. ಬಲಗೈ ಒಂದರಲ್ಲೇ ಹಸು ಕರೆದು, ಡೈರಿಗೆ ಹಾಲು ಕಳಿಸಿ, ಹತ್ತು ಗಂಟೆಗೆ ಬಂದರು. ಸೋತ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದರು. ಆ ಕೈ ಮತ್ತೆ ಮೇಲೇಳಲಿಲ್ಲ. ಪಾರ್ಶ್ವವಾಯುವಿಗೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವುದು ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ ಮಾತ್ರ. ಅಷ್ಟರೊಳಗೆ ಸಿಟಿ ಸ್ಕ್ಯಾನ್ ಕೂಡ ಆಗಿರಬೇಕು.

ವಯಸ್ಸಾದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ, ಎದೆ ನೋವಿಲ್ಲದೆಯೂ ಹೃದಯಾಘಾತ ಆಗಬಹುದು. ಏದುಸಿರು, ತಣ್ಣನೆ ಬೆವರು, ಇದ್ದಕ್ಕಿದ್ದಂತೆ ವಿಪರೀತ ಸುಸ್ತು, ಇಷ್ಟೇ ಇರಬಹುದು. ಇಸಿಜಿ ತೆಗೆಯದೆ ‘ಗ್ಯಾಸ್’ ಅಂತ ನಾನೂ ಹೇಳಲಾರೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ವೈದ್ಯರನ್ನು ಕೇಳಿ, ಬೇಕಾದವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಈ ವ್ಯವಸ್ಥೆ ಇದೆಯಾ ಅಂತ ಈಗಲೇ ವಿಚಾರಿಸಿಡಿ.

108ಕ್ಕೆ ಫೋನ್ ಮಾಡುವುದನ್ನು ಅಮ್ಮನಿಗೆ ಕಲಿಸಿ. ಮನೆಯ ದಾರಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಗಾಬರಿಯಲ್ಲಿ ಯಾವ ತಿರುವು, ಯಾವ ಸಂಕ (ಸಣ್ಣ ಸೇತುವೆ) ಅಂತ ಬಾಯಿಗೇ ಬರುವುದಿಲ್ಲ. ಮನೆಯಲ್ಲಿ ಎಲ್ಲಿ ನಿಂತರೆ ಸಿಗ್ನಲ್ ಸಿಗುತ್ತದೆ ಅನ್ನೋದೂ ಗೊತ್ತಿರಲಿ.

ಅಪ್ಪನ ಮಾತ್ರೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಡಿ. ಕತ್ತರಿಸಿದ ಮಾತ್ರೆ ಹಾಳೆಯಲ್ಲಿ ಹೆಸರೇ ಹೋಗಿರುತ್ತದೆ. ‘ಬಿಳಿ ಮಾತ್ರೆ ಡಾಕ್ಟ್ರೇ’ ಅಂದರೆ ನಮಗೇನು ಗೊತ್ತಾಗಬೇಕು? ಆ ಚೀಟಿ, ಹಳೆಯ ಇಸಿಜಿ ಎರಡೂ ಒಂದೇ ಚೀಲದಲ್ಲಿರಲಿ.

ಇಷ್ಟೆಲ್ಲ ಆದರೂ ಅಪ್ಪ ಮತ್ತೆ ‘ಬೆಳಗಾಗಲಿ’ ಅನ್ನಬಹುದು. ಯಾಕೆ ಗೊತ್ತಾ? ಅಪರಾತ್ರಿಯಲ್ಲಿ ಇನ್ನೊಬ್ಬರನ್ನು ಎಬ್ಬಿಸಬೇಕಲ್ಲ ಅನ್ನೋ ಸಂಕೋಚ. ನಾನು ಕಂಡ ಹಿರಿಯರಲ್ಲಿ ನೋವಿಗಿಂತ ಅದೇ ಜಾಸ್ತಿ. ಊರಿಗೆ ಹೋದಾಗ ಜೀಪಿನವರನ್ನು ಮನೆಗೆ ಕರೆಯಿರಿ. ‘ರಾತ್ರಿ ಎರಡು ಗಂಟೆಗೆ ಕರೆದರೂ ಬರ್ತೀನಿ’ ಅಂತ ಅವರೇ ಅಪ್ಪನ ಎದುರು ಹೇಳಲಿ.