ಟೆಂಡರ್ ಷರತ್ತು ನಮ್ಮನ್ನು ಹೊರಗಿಡುವಂತಿದೆ, ಪ್ರಶ್ನಿಸುವುದು ಹೇಗೆ?

ಪ್ರಶ್ನೆ: ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಸ್ಟೀಲ್ ಮಂಚ, ಬೀರು ತಯಾರಿಸುವ ಸಣ್ಣ ಘಟಕ ನಮ್ಮದು. ರಾಜ್ಯದ ಇಲಾಖೆಯೊಂದು ಹಾಸ್ಟೆಲ್‌ಗಳಿಗಾಗಿ ಸುಮಾರು 60 ಲಕ್ಷ ರೂಪಾಯಿಯ ಟೆಂಡರ್ ಕರೆದಿದೆ. ವರ್ಷಕ್ಕೆ 3 ಕೋಟಿ ವಹಿವಾಟು ಇರಬೇಕು, ಇದೇ ಇಲಾಖೆಗೆ ಹಿಂದೆ ಸರಬರಾಜು ಮಾಡಿರಬೇಕು, ಪೌಡರ್ ಕೋಟಿಂಗ್ ಇಂಥದೇ ಕಂಪನಿಯದಾಗಿರಬೇಕು ಎಂದಿದೆ. ನಮ್ಮ ವಹಿವಾಟು 85 ಲಕ್ಷ. ಟೆಂಡರ್ ಹಾಕಿ, ಸಿಗದಿದ್ದರೆ ಆಮೇಲೆ ಕೋರ್ಟಿಗೆ ಹೋಗಬಹುದೆ?

ಉತ್ತರ: ಸಿಗದೇ ಹೋಗುವವರೆಗೆ ಕಾಯಲೇಬೇಡಿ. ಷರತ್ತನ್ನು ಒಪ್ಪಿಕೊಂಡು ಬಿಡ್ ಹಾಕಿ, ಕೈತಪ್ಪಿದ ಮೇಲೆ ಅದೇ ಷರತ್ತು ಸರಿಯಿಲ್ಲ ಎಂದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಕೇಳುವುದಿಲ್ಲ. ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗೆಂದು ಇರುವ ರಾಜ್ಯದ ಕೆಟಿಪಿಪಿ ಕಾಯ್ದೆಯ (1999) 16ನೇ ಕಲಂನಲ್ಲಿ 30 ದಿನದೊಳಗಿನ ಮೇಲ್ಮನವಿಗೆ ಅವಕಾಶ ಇದೆ, ನಿಜ. ಆದರೆ ಅದು ಇರುವುದು 13ನೇ ಕಲಂ ಅಡಿ ಟೆಂಡರ್ ಅಂಗೀಕಾರದ ಬಗ್ಗೆ ಹೊರಡುವ ಆದೇಶದ ವಿರುದ್ಧ, ಅದೂ ಟೆಂಡರ್ ಹಾಕಿದವರಿಗೆ. ಷರತ್ತಿನ ಮೇಲಿನ ಆಕ್ಷೇಪಕ್ಕೆ ಸರಿಯಾದ ಹೊತ್ತು ಬಿಡ್ ತೆರೆಯುವ ಮುಂಚೆ. ಟೆಂಡರ್ ಪ್ರಕಟವಾದ ದಿನವೇ ದಾಖಲೆ ಪೂರ್ತಿ ಇಳಿಸಿಕೊಂಡು, ಸ್ಪಷ್ಟೀಕರಣ ಕೇಳುವ ಕೊನೆಯ ದಿನ ಮತ್ತು ಪ್ರೀ-ಬಿಡ್ ಸಭೆಯ (ಬಿಡ್ ಹಾಕುವ ಮುಂಚೆ ಇಲಾಖೆ ಕರೆಯುವ ಸಭೆ) ದಿನಾಂಕವನ್ನು ಮೊದಲು ಗುರುತು ಹಾಕಿಕೊಳ್ಳಿ.

ಆಕ್ಷೇಪಣೆ ಪತ್ರ ಎರಡು ಪುಟ ಮೀರದಿರಲಿ. ಟೆಂಡರ್ ಸಂಖ್ಯೆ, ಷರತ್ತಿನ ಕ್ರಮಸಂಖ್ಯೆ, ಅದರ ಪದಗಳು ಇದ್ದಂತೆಯೇ, ಅದು ಈ ಕೆಲಸಕ್ಕೆ ಯಾಕೆ ಬೇಕಿಲ್ಲ, ಬದಲಿಗೆ ಏನಿರಬೇಕು: ಇಷ್ಟು ಸಾಕು. ಬಹುತೇಕ ಪತ್ರಗಳು ಬಿದ್ದುಹೋಗುವುದು ಕೊನೆಯದನ್ನು ಬರೆಯದೇ ಇರುವುದರಿಂದ. ‘ಈ ಟೆಂಡರ್ ಯಾರಿಗೋ ಮಾಡಿಟ್ಟದ್ದು’ ಎಂದು ಬರೆದರೆ ಅಧಿಕಾರಿ ತನ್ನ ರಕ್ಷಣೆಗೆ ನಿಲ್ಲುತ್ತಾರೆ; ತಿದ್ದುಪಡಿಯ ವಾಕ್ಯವನ್ನೇ ಕೈಗೆ ಕೊಟ್ಟರೆ ಅದನ್ನು ಕಡತದಲ್ಲಿ ಮಂಡಿಸುವುದು ಅವರಿಗೂ ಸುಲಭ. ನಿಮಗೆ ಸಾಮರ್ಥ್ಯ ಇಲ್ಲ ಎಂಬ ಧ್ವನಿ ಪತ್ರದಲ್ಲಿ ಎಲ್ಲೂ ಬರಬಾರದು. ವಾದ ಇಷ್ಟೇ ಇರಲಿ: ಈ ಷರತ್ತಿನಿಂದ ಸ್ಪರ್ಧೆ ಕುಗ್ಗುತ್ತದೆ, ಇಲಾಖೆಗೆ ದರ ಏರುತ್ತದೆ, ಗುಣಮಟ್ಟಕ್ಕೆ ಲಾಭವಿಲ್ಲ.

ನಿಮ್ಮ ಮೂರು ಷರತ್ತುಗಳಿಗೂ ಒಂದೇ ತೂಕವಿಲ್ಲ.

ವಹಿವಾಟು: ಅಂದಾಜು ಮೊತ್ತದ ಐದು ಪಟ್ಟು ಕೇಳಿದ್ದಾರೆ. ಹೋಲಿಸಲು ಕೇಂದ್ರ ಜಾಗೃತ ಆಯೋಗದ 2002ರ ಡಿಸೆಂಬರ್ ಮಾರ್ಗಸೂಚಿ ಒಳ್ಳೆಯ ಅಳತೆಗೋಲು. ಅದರಂತೆ ಹಿಂದಿನ 3 ವರ್ಷಗಳ ಸರಾಸರಿ ವಹಿವಾಟು ಅಂದಾಜು ಮೊತ್ತದ ಶೇ 30 ಇದ್ದರೆ ಸಾಕು. 60 ಲಕ್ಷಕ್ಕೆ 18 ಲಕ್ಷವಾಯಿತು. ಅನುಭವಕ್ಕೆ 7 ವರ್ಷಗಳಲ್ಲಿ ಶೇ 40ರ ಮೂರು, ಶೇ 50ರ ಎರಡು ಅಥವಾ ಶೇ 80ರ ಒಂದು ಕೆಲಸ, ಅಂದರೆ 24, 30 ಅಥವಾ 48 ಲಕ್ಷದವು. ಇದು ಕಾಮಗಾರಿಗಳಿಗೆಂದು ಕೇಂದ್ರದ ಸಂಸ್ಥೆಗಳಿಗೆ ಹೊರಡಿಸಿದ್ದು, ನಿಮ್ಮ ಇಲಾಖೆಯನ್ನು ಕಟ್ಟಿಹಾಕುವುದಿಲ್ಲ. ಹಾಗಾಗಿ ‘ನಿಯಮ ಉಲ್ಲಂಘನೆ’ ಎನ್ನದೆ ‘ಒಪ್ಪಿತ ಅಳತೆಗಿಂತ ಬಹಳ ಹೆಚ್ಚು’ ಎಂದು ಬರೆಯಿರಿ.

ಇದೇ ಇಲಾಖೆಯ ಅನುಭವ: ಮೂರರಲ್ಲಿ ಅತ್ಯಂತ ದುರ್ಬಲ ಷರತ್ತು ಇದು, ಪತ್ರದ ಬಲವನ್ನೆಲ್ಲ ಇಲ್ಲಿಗೇ ಹಾಕಿ. ಛತ್ತೀಸಗಢದಲ್ಲಿ ಸರ್ಕಾರಿ ಶಾಲೆಗಳಿಗೆ ಕ್ರೀಡಾ ಕಿಟ್ ಪೂರೈಸುವ ಟೆಂಡರಿಗೆ, ಆ ರಾಜ್ಯದ ಸರ್ಕಾರಿ ಸಂಸ್ಥೆಗಳಿಗೇ 6 ಕೋಟಿಯ ಸರಬರಾಜು ಮಾಡಿದ ಅನುಭವ ಬೇಕೆಂದಿದ್ದರು. ವಿನಿಷ್ಮಾ ಟೆಕ್ನಾಲಜೀಸ್ ಪ್ರಕರಣದಲ್ಲಿ (2025) ಸುಪ್ರೀಂ ಕೋರ್ಟ್ ಆ ಷರತ್ತನ್ನು ರದ್ದುಪಡಿಸಿತು. ಬದಲಿಗೆ ಹೀಗೆ ಸೂಚಿಸಿ: ‘ಯಾವುದೇ ಸರ್ಕಾರಿ, ಅರೆಸರ್ಕಾರಿ ಅಥವಾ ಖಾಸಗಿ ಸಂಸ್ಥೆಗೆ ಇದೇ ಬಗೆಯ ಪೀಠೋಪಕರಣ ಪೂರೈಸಿದ ಅನುಭವ.’

ಬ್ರ್ಯಾಂಡ್: ಹೆಸರು ತೆಗೆದು ‘ಅಥವಾ ತತ್ಸಮಾನ’ ಎಂದು ಸೇರಿಸಲು ಕೇಳಿದರೆ ಅರ್ಧ ಕೆಲಸ ಮಾತ್ರ, ಯಾಕೆಂದರೆ ತತ್ಸಮಾನ ಯಾವುದು ಎಂದು ಆಮೇಲೆ ತೀರ್ಮಾನಿಸುವವರೂ ಅವರೇ. ಅಳೆದು ನೋಡಬಹುದಾದ ಮಾತು ಹಾಕಿಸಿ: ಐಎಸ್ 513 ಮಾನದಂಡದ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟು, ಕನಿಷ್ಠ 0.8 ಮಿ.ಮೀ. ದಪ್ಪ, ಕೋಟಿಂಗ್ ಕನಿಷ್ಠ 50 ಮೈಕ್ರಾನ್, ಜೊತೆಗೆ ಪ್ರಯೋಗಾಲಯದ ಪರೀಕ್ಷಾ ವರದಿ.

ಪತ್ರವನ್ನು ಟೆಂಡರ್ ದಾಖಲೆ ಹೇಳಿದ ದಾರಿಯಲ್ಲೇ ಕಳಿಸಿ. ಅದರ ಜೊತೆಗೆ ಕಚೇರಿಯ ಟಪಾಲು ವಿಭಾಗಕ್ಕೂ ಒಂದು ಪ್ರತಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ದಿನಾಂಕದ ಸೀಲು ಹಾಕಿಸಿಕೊಳ್ಳಿ. ಫೋನಿನಲ್ಲಿ ಆಡಿದ ಮಾತಿಗೆ ಮುಂದೆ ಎಲ್ಲೂ ಬೆಲೆಯಿಲ್ಲ. ಇಲಾಖೆಯಲ್ಲಿ ಒಂದಿಷ್ಟು ಬಿಲ್ ಬಾಕಿಯಿದ್ದು ಹೆಸರು ಹೇಳಲು ಹಿಂಜರಿಯುವವರು ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾ ಅಥವಾ ಜಿಲ್ಲೆಯ ವಾಣಿಜ್ಯ ಮತ್ತು ಕೈಗಾರಿಕಾ ಸಂಘದ ಲೆಟರ್‌ಹೆಡ್‌ನಲ್ಲಿ ಬರೆಸಬಹುದು. ಹಿಂಜರಿಕೆ ಸಹಜವಾದದ್ದೇ, ಅದಕ್ಕಾಗಿ ಆಕ್ಷೇಪವನ್ನೇ ಕೈಬಿಡಬೇಡಿ. ಮೂರ್ನಾಲ್ಕು ದಿನದಲ್ಲಿ ಉತ್ತರ ಬಾರದಿದ್ದರೆ ಮೇಲಧಿಕಾರಿಗೆ ಅದೇ ಪತ್ರದ ಪ್ರತಿಯೊಂದಿಗೆ ಮನವಿ ಕೊಡಿ. ತಿದ್ದುಪಡಿ ಬಂತೇ ಎಂದು ರಾಜ್ಯದ ಟೆಂಡರುಗಳು ಪ್ರಕಟವಾಗುವ ಕೆಪಿಪಿಪಿ ಪೋರ್ಟಲ್ ನೋಡುತ್ತಲೇ ಇರಿ.

ಉತ್ತರ ಬಾರದಿದ್ದರೂ ಬಿಡ್ ಹಾಕುವುದು ಒಳ್ಳೆಯದು. ಟೆಂಡರುದಾರ ಎಂಬ ಹಕ್ಕು ಉಳಿಯುತ್ತದೆ. ಆದರೆ ಬಿಡ್ ಒಳಗೆ ‘ಈ ಷರತ್ತನ್ನು ನಾವು ಒಪ್ಪುವುದಿಲ್ಲ’ ಎಂದು ಬರೆದರೆ ಷರತ್ತುಬದ್ಧ ಬಿಡ್ ಎಂದು ಅಲ್ಲೇ ತಳ್ಳಿಹಾಕುತ್ತಾರೆ. ಆಕ್ಷೇಪ ಪ್ರತ್ಯೇಕ ಪತ್ರದಲ್ಲೇ ಇರಲಿ. ಇನ್ನೊಬ್ಬರ ಅನುಭವ ಪತ್ರ ತಂದು ಲಗತ್ತಿಸುವ ದಾರಿಯನ್ನಂತೂ ಹಿಡಿಯಬೇಡಿ, ಕಪ್ಪುಪಟ್ಟಿಗೆ ಸೇರಿದರೆ ಬೇರೆ ಟೆಂಡರುಗಳೂ ಹೋಗುತ್ತವೆ.

ಹೈಕೋರ್ಟಿನ ರಿಟ್ ಕೊನೆಯ ದಾರಿ. ಶಿವಮೊಗ್ಗದವರು ಹೋಗಬೇಕಾದ್ದು ಬೆಂಗಳೂರಿನ ಪ್ರಧಾನ ಪೀಠಕ್ಕೆ, ಅದೂ ಬಿಡ್ ತೆರೆಯುವ ಮೊದಲೇ. ಷರತ್ತು ಕಠಿಣ ಎಂಬುದೊಂದೇ ಅಲ್ಲಿ ಸಾಲದು. ಕೆಎಸ್‌ಆರ್‌ಟಿಸಿ ಟೈರ್ ಖರೀದಿಯಲ್ಲಿ, ವಾಹನ ತಯಾರಕರಿಗೆ ಟೈರ್ ಪೂರೈಸಿದವರೇ ಬೇಕೆಂಬ ಷರತ್ತನ್ನು ಮಿಷಿಗನ್ ರಬ್ಬರ್ ಕಂಪನಿ ಪ್ರಶ್ನಿಸಿತ್ತು. 2012ರಲ್ಲಿ ಸುಪ್ರೀಂ ಕೋರ್ಟ್ ಷರತ್ತನ್ನು ಎತ್ತಿಹಿಡಿಯಿತು. ಖರೀದಿಸುವ ವಸ್ತುವಿಗೂ ಷರತ್ತಿಗೂ ನಂಟಿದ್ದರೆ ನ್ಯಾಯಾಲಯ ಕೈಹಾಕುವುದಿಲ್ಲ. ಹಾಸ್ಟೆಲ್ ಮಂಚಕ್ಕೂ ‘ಇದೇ ಇಲಾಖೆ’ ಎಂಬ ಮಾತಿಗೂ ಅಂಥ ನಂಟು ಕಾಣುವುದಿಲ್ಲ, ನಿಮ್ಮ ಬಲ ಅದು.

ಪ್ರಶ್ನೆ: ಹೊಸನಗರದಲ್ಲಿ ಸ್ವಚ್ಛತಾ ಸೇವೆ ಒದಗಿಸುತ್ತೇವೆ. ಈವರೆಗೆ ತಾಲ್ಲೂಕುವಾರು ಕರೆಯುತ್ತಿದ್ದ ಟೆಂಡರನ್ನು ಈಗ ಜಿಲ್ಲೆಯ ಏಳೂ ತಾಲ್ಲೂಕು ಸೇರಿಸಿ ಒಂದೇ ಪ್ಯಾಕೇಜ್ ಮಾಡಿದ್ದಾರೆ.

ಉತ್ತರ: ಪ್ಯಾಕೇಜ್ ಮಾಡುವುದು ಹೆಚ್ಚಾಗಿ ಆಡಳಿತದ ವಿವೇಚನೆಗೆ ಬಿಟ್ಟದ್ದು, ಕೋರ್ಟಿನಲ್ಲಿ ಗೆಲ್ಲುವುದು ಕಷ್ಟ. ಪ್ರೀ-ಬಿಡ್ ಸಭೆಯಲ್ಲಿ ಪಡೆಯಬಹುದಾದ್ದನ್ನು ಪಡೆಯಿರಿ. ಒಂದೇ ಟೆಂಡರಿನಲ್ಲಿ ಏಳು ಲಾಟ್ (ಭಾಗ) ಮಾಡಿ, ಪ್ರತಿ ಲಾಟಿಗೂ ಬೇರೆ ದರ, ಬೇರೆ ಇಎಂಡಿ (ಬಿಡ್ ಜೊತೆ ಇಡುವ ಠೇವಣಿ) ಇರಲಿ ಎಂದು ಕೇಳಿ. ಒಂದು ತಾಲ್ಲೂಕಿಗೆ ಹಾಕುವವರಿಂದ ಏಳು ತಾಲ್ಲೂಕಿನ ವಹಿವಾಟು ಕೇಳದಂತೆಯೂ ನೋಡಿಕೊಳ್ಳಿ, ಇದನ್ನು ಮರೆತರೆ ಲಾಟ್ ಮಾಡಿಯೂ ಫಲವಿಲ್ಲ. ಹಿಂದಿನ ವರ್ಷ ತಾಲ್ಲೂಕುವಾರು ಎಷ್ಟು ಬಿಡ್ ಬಂದಿದ್ದವು, ದರ ಎಷ್ಟಿತ್ತು ಎಂಬ ಪಟ್ಟಿ ನಿಮ್ಮ ದೊಡ್ಡ ಆಧಾರ. ಆರ್‌ಟಿಐನಲ್ಲಿ ಕೇಳಿದರೆ ಉತ್ತರಕ್ಕೆ 30 ದಿನದ ಅವಧಿ ಇರುವುದರಿಂದ, ಮುಂದಿನ ವರ್ಷಕ್ಕೆ ಬೇಕಾದ್ದನ್ನು ಈಗಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ತೀರ್ಥಹಳ್ಳಿ ಬಳಿ ಅಡಿಕೆ ಹಾಳೆ ತಟ್ಟೆ ತಯಾರಿಸುತ್ತೇವೆ. ಕೇಂದ್ರ ಸರ್ಕಾರದ ಸಂಸ್ಥೆಯೊಂದು ಸರ್ಕಾರಿ ಖರೀದಿಯ ಜಾಲತಾಣವಾದ ಜೆಮ್ ಪೋರ್ಟಲ್‌ನಲ್ಲಿ ಬಿಡ್ ಕರೆದು, ಕೇಂದ್ರದ ಒಂದು ನಿರ್ದಿಷ್ಟ ಸಂಸ್ಥೆಗೆ ಪೂರೈಸಿದ ಅನುಭವ ಮತ್ತು ಇಎಂಡಿ ಕೇಳಿದೆ.

ಉತ್ತರ: ಇಲ್ಲಿ ನಿಮ್ಮ ಕೈ ಹೆಚ್ಚು ಬಲವಾಗಿದೆ. ನಿರ್ದಿಷ್ಟ ಸಂಸ್ಥೆಯ ಅನುಭವವನ್ನೇ ಕೇಳುವ, ಬ್ರ್ಯಾಂಡ್ ಹೆಸರಿಸುವ ಹೆಚ್ಚುವರಿ ಷರತ್ತುಗಳು ಅಸಿಂಧು ಎಂದು ಜೆಮ್‌ನ ಬಿಡ್ ದಾಖಲೆಯ ಕೊನೆಯಲ್ಲೇ ಅಚ್ಚಾಗಿರುತ್ತದೆ. ಬಿಡ್ ಪ್ರಕಟವಾದ 4 ದಿನದೊಳಗೆ ಮಾರಾಟಗಾರರ ಡ್ಯಾಶ್‌ಬೋರ್ಡಿನ ‘ರೆಪ್ರೆಸೆಂಟೇಷನ್’ ವಿಂಡೋದಲ್ಲಿ ಆಕ್ಷೇಪ ಹಾಕಿ. ಅದಕ್ಕೆ ಉತ್ತರಿಸದೆ ಖರೀದಿದಾರರು ಬಿಡ್ ತೆರೆಯಲಾಗದು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನೆಚ್ಚಿಕೊಂಡು ನಾಲ್ಕನೇ ದಿನದ ಸಂಜೆಯವರೆಗೆ ಬಿಡಬೇಡಿ.

2012ರ ಸಾರ್ವಜನಿಕ ಖರೀದಿ ನೀತಿಯಡಿ ಕಿರು, ಸಣ್ಣ ಉದ್ಯಮಗಳಿಗೆ ಇಎಂಡಿ ವಿನಾಯಿತಿ ಇದೆ. ನಿಮ್ಮ ದರ ಕನಿಷ್ಠ ದರಕ್ಕಿಂತ ಶೇ 15ರೊಳಗೆ ಹೆಚ್ಚಿದ್ದು, ಕನಿಷ್ಠ ದರ ಸಣ್ಣ ಉದ್ಯಮದ್ದಲ್ಲದಿದ್ದರೆ, ಆ ದರಕ್ಕೆ ಇಳಿದು ಒಂದು ಪಾಲು ಪಡೆಯಲೂ ಅವಕಾಶವಿದೆ. ಈ ನೀತಿ ಕೇಂದ್ರದ ಇಲಾಖೆ, ಉದ್ದಿಮೆಗಳಿಗೆ ಮಾತ್ರ ಅನ್ವಯ. ಮೊದಲ ಪ್ರಶ್ನೆಯಂಥ ರಾಜ್ಯದ ಟೆಂಡರಿನಲ್ಲಿ ಇದನ್ನು ಉಲ್ಲೇಖಿಸಿದರೆ ನಡೆಯದು. ಜೊತೆಗೆ ನಿಮ್ಮ ಉದ್ಯಮ್ (ಸಣ್ಣ ಉದ್ಯಮ ನೋಂದಣಿ) ಪ್ರಮಾಣಪತ್ರ ತೆರೆದು ನೋಡಿ: ಚಟುವಟಿಕೆಯ ಜಾಗದಲ್ಲಿ ತಯಾರಿಕೆ ಎಂದಿಲ್ಲದೆ ಬರೀ ವ್ಯಾಪಾರ ಎಂದಿದ್ದರೆ ಈ ಯಾವ ಅನುಕೂಲವೂ ಸಿಗುವುದಿಲ್ಲ. ಬಿಡ್ ಹಾಕುವ ಮೊದಲು ಅದನ್ನು ಸರಿಪಡಿಸಿಕೊಂಡು ಜೆಮ್ ಖಾತೆಯಲ್ಲೂ ಹೊಸ ವಿವರ ತುಂಬಿ.