ಮನೆಯ ಕೋಳಿ ಮಂಕಾಗಿ ಮೂಲೆ ಹಿಡಿದಿದೆ, ಡಾಕ್ಟರ್ ಸಿಗುವತನಕ ಏನು ಮಾಡಲಿ?

ನಾಲ್ಕು ಕೋಳಿಗಳಲ್ಲಿ ಮಗಳು ಕೈಯಾರೆ ಸಾಕಿದ ಹೇಂಟೆ ಎರಡು ದಿನದಿಂದ ಕಾಳು ಮುಟ್ಟಿಲ್ಲ, ಪುಕ್ಕ ಕೆದರಿಕೊಂಡು ಮೂಲೆಯಲ್ಲಿ ಕಣ್ಣು ಮುಚ್ಚಿ ನಿಂತಿರುತ್ತೆ, ಹಿಕ್ಕೆ ಹಸಿರು ನೀರಾಗಿದೆ, ಅಕ್ಕಪಕ್ಕದವರು "ಸಾಯೋಕ್ ಮುಂಚೆ ಕುಯ್ದುಬಿಡಿ" ಅಂತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಕುಯ್ಯಬೇಡಿ. ಕಾಯಿಲೆ ಕೋಳಿಯನ್ನು ಕುಯ್ದು, ಪುಕ್ಕ ಕಿತ್ತು, ತೊಳೆಯುವವರಿಗೇ ರೋಗ ಅಂಟುವ ಅಪಾಯ ಇರುತ್ತೆ. ಅದೂ ಅಲ್ಲದೆ, ನೀವು ಹೇಳಿದ ಸ್ಥಿತಿಯಿಂದ ಎದ್ದು ಬಂದು ಮತ್ತೆ ಮೊಟ್ಟೆಯಿಟ್ಟ ಕೋಳಿ ಈಗಲೂ ನಮ್ಮ ಅಂಗಳದಲ್ಲಿ ಓಡಾಡುತ್ತಿದೆ.

ನಾನು ಡಾಕ್ಟರಲ್ಲ. ತಿಪಟೂರು ಕಡೆ ತೆಂಗಿನ ತೋಟದ ಮನೆ ನಮ್ಮದು, ಮದುವೆಯಾಗಿ ಬಂದಾಗಿನಿಂದ ಕೋಳಿ ಸಾಕುತ್ತಿದ್ದೇನೆ. ಕೆಲವನ್ನು ಉಳಿಸಿಕೊಂಡಿದ್ದೇನೆ, ಕೆಲವನ್ನು ಕಳೆದುಕೊಂಡಿದ್ದೇನೆ. ಆ ಅನುಭವದಿಂದ ಬರೆಯುತ್ತಿದ್ದೇನೆ.

ಕೋಳಿ ತನ್ನ ನೋವನ್ನು ಆದಷ್ಟು ಮುಚ್ಚಿಡುತ್ತೆ. ಸೋತ ಕೋಳಿಯನ್ನು ಜೊತೆಯವೇ ಕುಕ್ಕುತ್ತವೆ, ನಾಯಿ ಹದ್ದು ಬಂದರೂ ಅದನ್ನೇ ಹಿಡಿಯುತ್ತವೆ. ಅದಕ್ಕೇ ಮೈಯಲ್ಲಿ ಆಗದಿದ್ದರೂ ಎಲ್ಲರ ಜೊತೆ ನೆಲ ಕೆದರುತ್ತಾ, ಕಾಳು ಹೆಕ್ಕುವ ಹಾಗೆ ಕೊಕ್ಕಾಡಿಸುತ್ತಾ ದಿನ ತಳ್ಳುತ್ತೆ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದರ ಶಕ್ತಿಯೆಲ್ಲ ಮುಗಿದಿರುತ್ತೆ. ನೀವು ನೋಡಿದ್ದು ಎರಡು ದಿನ, ಅದು ತಡೆದುಕೊಂಡಿದ್ದು ಇನ್ನೂ ಹೆಚ್ಚು ದಿನ ಇರಬಹುದು. ಹಾಗಾಗಿ ಈ ರಾತ್ರಿ ನೀವು ಮಾಡಬೇಕಾದ್ದು ಔಷಧಿ ಹುಡುಕುವುದಲ್ಲ. ಮೊದಲು ಅದನ್ನು ಬೆಚ್ಚಗಿಡಿ, ನೀರು ಕುಡಿಸಿ, ಬೇರೆ ಕೋಳಿಗಳಿಂದ ದೂರ ಇಡಿ. ಕಾಯಿಲೆ ಏನೆಂದು ಆಮೇಲೆ ನೋಡೋಣ.

ಕೋಳಿಯ ಮೈಬಿಸಿ ನಮಗಿಂತ ಹೆಚ್ಚು, ಸುಮಾರು 41 ಡಿಗ್ರಿ ಸೆಲ್ಸಿಯಸ್. ಹೊಟ್ಟೆಗಿಲ್ಲದೆ ಅಷ್ಟು ಬಿಸಿ ಕಾಯ್ದುಕೊಳ್ಳಲಾಗದೆ ಪುಕ್ಕ ಕೆದರಿಕೊಂಡು ನಿಲ್ಲುತ್ತೆ. ಒಂದು ದೊಡ್ಡ ರಟ್ಟಿನ ಪೆಟ್ಟಿಗೆಗೆ ಹಳೆ ಬಟ್ಟೆ ಹಾಸಿ, ಗಾಳಿ ಬೀಸದ ಕಡೆ ಇಡಿ. ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಬಿಸಿ ಇರಲಿ, ಸೆಕೆಯಾದರೆ ಇನ್ನೊಂದು ಬದಿಗೆ ಸರಿಯಲು ಅದಕ್ಕೆ ಜಾಗ ಬೇಕು. 60 ವ್ಯಾಟಿನ ಹಳೆ ಕಾಲದ ಬಲ್ಬು ಇದ್ದರೆ ಬಟ್ಟೆಗೂ ರಟ್ಟಿಗೂ ತಾಗದ ಹಾಗೆ ಮೇಲೆ ತೂಗುಬಿಡಿ. ಎಲ್‌ಇಡಿ ಬಲ್ಬು ಹಾಕಿ "ಲೈಟ್ ಹಾಕಿದೀನಿ" ಅನ್ನುವವರಿದ್ದಾರೆ, ಅದರಿಂದ ಸಾಕಾಗುವಷ್ಟು ಬಿಸಿ ಬರುವುದೇ ಇಲ್ಲ. ಹಳೆ ಬಲ್ಬು ಇಲ್ಲದಿದ್ದರೆ ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಪಕ್ಕದಲ್ಲಿಡಿ, ತಣ್ಣಗಾದಂತೆ ಬದಲಿಸಿ. ನಾನು ಮಾಡುವುದು ಹೆಚ್ಚಾಗಿ ಇದನ್ನೇ, ಕರೆಂಟ್ ನಂಬಿ ಕೂರುವಂತಿಲ್ಲ.

ಇನ್ನು ನೀರು. ಇದನ್ನು ಹೇಳುವಾಗ ಈಗಲೂ ಹೊಟ್ಟೆ ಕಿವುಚುತ್ತೆ. ಕೆಂಪಿ ಅಂತ ನನ್ನ ಮೊದಲ ಹೇಂಟೆ ಹೀಗೇ ಮಂಕಾಗಿದ್ದಾಗ, ಗಾಬರಿಯಲ್ಲಿ ಬಾಯಿ ಅಗಲಿಸಿ ಚಮಚದಿಂದ ನೀರು ಸುರಿದೆ. ಕೆಮ್ಮಿದ ಹಾಗೆ ಎರಡು ಸಲ ತಲೆ ಕೊಡವಿತು, ಮೂಗಿನಿಂದ ಗುಳ್ಳೆ ಬಂತು, ನನ್ನ ಮಡಿಲಲ್ಲೇ ಹೋಯಿತು. ಕಾಯಿಲೆಯಿಂದ ಅದು ಉಳಿಯುತ್ತಿತ್ತೋ ಇಲ್ಲವೋ, ಆ ಹೊತ್ತಿಗೆ ಹೋಗಿದ್ದು ಮಾತ್ರ ನನ್ನ ಚಮಚದಿಂದ. ಕೋಳಿಯ ನಾಲಿಗೆಯ ಬುಡದಲ್ಲೇ ಉಸಿರಿನ ತೂತು ಇದೆ. ಬಾಯಿಗೆ ಸುರಿದದ್ದು ನೇರ ಶ್ವಾಸಕೋಶಕ್ಕೆ ಇಳಿದುಬಿಡಬಹುದು. ಆದ್ದರಿಂದ ಸೂಜಿಯಿಲ್ಲದ ಸಿರಿಂಜು ಅಥವಾ ಮಕ್ಕಳ ಔಷಧಿಯ ಡ್ರಾಪರ್ ತಗೊಂಡು, ಕೊಕ್ಕಿನ ಪಕ್ಕಕ್ಕೆ ಒಂದು ಹನಿ ಮುಟ್ಟಿಸಿ. ಹನಿ ಕೊಕ್ಕಿನ ಸಂದಿಗೆ ತಾನೇ ಹರಿದುಹೋಗುತ್ತೆ, ಕೋಳಿ ತಲೆ ಎತ್ತಿ ನುಂಗುತ್ತೆ. ನುಂಗಿದ್ದು ಕಂಡಮೇಲೆ ಇನ್ನೊಂದು ಹನಿ. ತಲೆ ನೆಟ್ಟಗೆ ನಿಲ್ಲಿಸಲಾಗದ ಕೋಳಿಗೆ ಬಾಯಿಂದ ಏನೂ ಹಾಕಬೇಡಿ, ಅದು ಡಾಕ್ಟರ್ ಮಾಡುವ ಕೆಲಸ.

ಬರೀ ನೀರಿಗಿಂತ ಓಆರ್‌ಎಸ್ ಒಳ್ಳೆಯದು. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಕಾದಾರಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಉಪ್ಪು ಹೆಚ್ಚಾದರೆ ಕೋಳಿಗೆ ವಿಷ, ಕೈಯಂದಾಜಿನಲ್ಲಿ ಹಾಕಬೇಡಿ. ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ, ಒಂದು ದಿನ ಕಳೆದಮೇಲೆ ಸಾದಾ ನೀರಿಗೆ ಬನ್ನಿ.

ಈಗ ಕೋಳಿಯನ್ನು ಎತ್ತಿಕೊಂಡು ಮೈ ನೋಡಿ. ಟವೆಲ್‌ನಲ್ಲಿ ರೆಕ್ಕೆ ಸೇರಿಸಿ ಸುತ್ತಿ ಮಡಿಲಲ್ಲಿಟ್ಟುಕೊಂಡರೆ ಸುಮ್ಮನಿರುತ್ತೆ. ಎದೆಯ ನಡುವಿನ ಮೂಳೆಯ ಮೇಲೆ ಬೆರಳಾಡಿಸಿ. ಎರಡೂ ಕಡೆ ಮಾಂಸ ತುಂಬಿದ್ದರೆ ಕಾಯಿಲೆ ಹೊಸದು. ಮೂಳೆ ಕತ್ತಿಯ ಅಲುಗಿನ ಹಾಗೆ ಕೈಗೆ ಸಿಕ್ಕರೆ ವಾರಗಟ್ಟಲೆಯಿಂದ ಸೊರಗಿದೆ ಅಂತ. ರೆಕ್ಕೆಯ ಕೆಳಗೆ, ಬಾಲದ ಬುಡದಲ್ಲಿ ಪುಕ್ಕ ಬಿಡಿಸಿ ಹೇನು, ಉಣ್ಣಿ ಇದೆಯಾ ನೋಡಿ. ಜುಟ್ಟು ಬಿಳಿಚಿಕೊಂಡಿದ್ದರೆ ಉಣ್ಣಿ ರಕ್ತ ಹೀರಿರಬಹುದು. ಕೆಲವು ಜಾತಿಯವು ಹಗಲು ಗೂಡಿನ ಸಂದಿಯಲ್ಲಿ ಅಡಗಿದ್ದು ರಾತ್ರಿ ಮಾತ್ರ ಮೈಗೆ ಹತ್ತುತ್ತವೆ, ಟಾರ್ಚ್ ಹಿಡಿದು ಗೂಡಿನ ಹಲಗೆ ಸಂದಿಗಳನ್ನೂ ನೋಡಿ.

ಬಾಲ ಇಳಿಬಿಟ್ಟು, ಮೈ ನೆಟ್ಟಗೆ ಮಾಡಿ ತಿಣುಕುತ್ತಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡಿರಬಹುದು. ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಹೊಟ್ಟೆ ಮುಳುಗುವಷ್ಟು, ಕಾಲು ಗಂಟೆ ಕೂರಿಸಿ, ಒರೆಸಿ, ಕತ್ತಲೆ ಪೆಟ್ಟಿಗೆಯಲ್ಲಿ ಬೆಚ್ಚಗಿಡಿ. ಹೊಟ್ಟೆ ಅದುಮಿ ಮೊಟ್ಟೆ ಹೊರಗೆ ತೆಗೆಯಲು ಹೋಗಬೇಡಿ, ಒಳಗೆ ಒಡೆದರೆ ಉಳಿಯುವುದು ಕಷ್ಟ. ಅರ್ಧ ದಿನದಲ್ಲಿ ಬರದಿದ್ದರೆ ಆಸ್ಪತ್ರೆಗೆ ಹೊರಡಲೇಬೇಕು.

ಎಲ್ಲಕ್ಕಿಂತ ಮುಖ್ಯ ಎಂದು ನಾನು ನಂಬಿರುವುದು ಮೇವಿನ ಚೀಲ. ಕುತ್ತಿಗೆ ಮುಗಿದು ಎದೆ ಶುರುವಾಗುವ ಕಡೆ, ಕೋಳಿಯ ಬಲಕ್ಕೆ ಇರುತ್ತೆ. ತಿಂದದ್ದೆಲ್ಲ ಮೊದಲು ಅಲ್ಲಿ ಕೂತು ನೆನೆಯುತ್ತೆ. ಸಂಜೆ ಗೂಡು ಸೇರುವಾಗ ತುಂಬಿರಬೇಕು, ಬೆಳಿಗ್ಗೆ ಕಾಳು ಹಾಕುವ ಮುಂಚೆ ಖಾಲಿಯಾಗಿ ಚಪ್ಪಟೆಯಾಗಿರಬೇಕು. ನಮ್ಮ ಚುಕ್ಕಿಗೆ ಆದದ್ದು ಇಲ್ಲೇ. ಗಿರಿರಾಜ ಕೋಳಿ, ಮೈತುಂಬ ಬೂದು ಚುಕ್ಕೆ. ನಿಮ್ಮದರ ಹಾಗೇ ಮೂಲೆ ಹಿಡಿದಿತ್ತು, ಹಿಕ್ಕೆ ಹಸಿರು ನೀರು. ನಮ್ಮತ್ತೆ "ಕೊಕ್ಕರೆ ರೋಗ ಕಣವ್ವ, ಮುಟ್ಟಬೇಡ" ಅಂದರು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಎತ್ತಿ ನೋಡಿದರೆ ಚೀಲ ಎಳೆ ನಿಂಬೆಕಾಯಿಯ ಹಾಗೆ ಗಟ್ಟಿಯಾಗಿ ಕೈಗೆ ಸಿಕ್ಕಿತು. ತಿಂದದ್ದು ಕೆಳಗಿಳಿಯುತ್ತಲೇ ಇಲ್ಲ, ಹೊಟ್ಟೆಗೆ ಏನೂ ಸೇರದೆ ಬರೀ ಪಿತ್ತ ಬರುತ್ತಿದೆ, ಹಸಿರು ಬಣ್ಣ ಅದರದ್ದು.

ಕಾಳು ನಿಲ್ಲಿಸಿದೆ. ದಿನಕ್ಕೆ ನಾಲ್ಕೈದು ಸಲ ಎರಡು ಮೂರು ಹನಿ ಕಡ್ಲೆಕಾಯಿ ಎಣ್ಣೆ, ಆಮೇಲೆ ಸ್ವಲ್ಪ ನೀರು ಕುಡಿಸಿ, ಚೀಲವನ್ನು ಬೆರಳ ತುದಿಯಿಂದ ಹಿಟ್ಟು ಮಿದಿಯುವಷ್ಟು ಮೆತ್ತಗೆ ಐದು ನಿಮಿಷ ತಿಕ್ಕುತ್ತಿದ್ದೆ. ಎರಡನೇ ದಿನಕ್ಕೆ ಸ್ವಲ್ಪ ಮೆತ್ತಗಾಯಿತು, ಆದರೆ ನಡುವೆ ಒಂದು ಗಂಟು ಕರಗಲೇ ಇಲ್ಲ. ಮೂರನೇ ದಿನ ಬುಟ್ಟಿಯಲ್ಲಿಟ್ಟು ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಅರಿವಳಿಕೆ ಕೊಟ್ಟು, ಚೀಲದ ಮೇಲೆ ಒಂದಿಂಚು ಕುಯ್ದು, ಇಕ್ಕಳದಿಂದ ಎಳೆದರು. ಉದ್ದುದ್ದ ಹುಲ್ಲು ಹಗ್ಗದ ಹಾಗೆ ಹೊಸೆದುಕೊಂಡು ಬಂತು, ಅದರ ಸುತ್ತ ಗೊಬ್ಬರದ ಮೂಟೆಯ ಬಾಯಿ ಹೊಲಿದ ದಾರ. ಆ ದಾರವನ್ನು ಬಿಚ್ಚಿ ಅಂಗಳದಲ್ಲೇ ಎಸೆದವರು ನಾವೇ. ಅವತ್ತಿನಿಂದ ಮೂಟೆ ಬಿಚ್ಚಿದ ದಾರ ನಮ್ಮನೆಯಲ್ಲಿ ನೆಲಕ್ಕೆ ಬೀಳುವುದಿಲ್ಲ, ಕೊಯ್ದ ಹುಲ್ಲನ್ನು ಕೋಳಿಗೆ ಉದ್ದುದ್ದ ಹಾಕುವುದೂ ಇಲ್ಲ.

ನಿಮ್ಮ ಕೋಳಿಯ ಚೀಲ ಗಟ್ಟಿಯಾಗಿರದೆ ನೀರು ತುಂಬಿದ ಬಲೂನಿನ ಹಾಗಿದ್ದು, ಬಾಯಿ ಹುಳಿ ವಾಸನೆ ಬರುತ್ತಿದ್ದರೆ ಅದು ಬೇರೆ ತೊಂದರೆ, ಒಳಗೆ ಹುದುಗು ಬಂದಿರುತ್ತೆ. ತಲೆಕೆಳಗು ಹಿಡಿದು ಕಕ್ಕಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಕೆಂಪಿಗೆ ಆದದ್ದೇ ಆಗುತ್ತೆ.

ಹಿಕ್ಕೆಯ ವಿಷಯಕ್ಕೆ ಬಂದರೆ, ಪೆಟ್ಟಿಗೆಯಲ್ಲಿ ಬಿಳಿ ಬಟ್ಟೆ ಹಾಸಿದ್ದರೆ ಸರಿಯಾಗಿ ಕಾಣುತ್ತೆ. ಕಂದು ಬಣ್ಣದ ಮುದ್ದೆ, ಮೇಲೆ ಬಿಳಿ ತೊಪ್ಪಿ ಇದ್ದರೆ ಸರಿಯಾಗಿದೆ. ನಡುನಡುವೆ ಅಂಟಂಟಾದ, ನಾತದ ಕಪ್ಪುಕಂದು ಹಿಕ್ಕೆ ಬಂದರೆ ಹೆದರಬೇಡಿ, ಚೆನ್ನಾಗಿರುವ ಕೋಳಿಯೂ ದಿನಕ್ಕೆ ಕೆಲವು ಸಲ ಹಾಗೆ ಹಾಕುತ್ತೆ. ರಕ್ತ ಕಂಡರೆ, ಅದರಲ್ಲೂ ಎಳೆ ಕೋಳಿಯಲ್ಲಿ, ಕಾಕ್ಸಿಡಿಯೋಸಿಸ್ ಅನ್ನುವ ರಕ್ತಭೇದಿ ಇರಬಹುದು. ಆಂಪ್ರೋಲಿಯಂ ಎಂಬ ಪುಡಿ ನೀರಿಗೆ ಹಾಕಿ ಕೊಡುತ್ತಾರೆ, ಅಳತೆ ಡಾಕ್ಟರನ್ನೇ ಕೇಳಿ. ಹಿಕ್ಕೆಯನ್ನು ಒಂದು ಡಬ್ಬಿಯಲ್ಲಿ ಒಯ್ದರೆ ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಲು ಆಗುತ್ತೆ. ನಿಮಗೆ ಅಷ್ಟು ದೂರ ಹೋಗಲಾಗದಿದ್ದರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನದ ಉಚಿತ ಸಹಾಯವಾಣಿ ಅದು. "ಕೋಳಿಗೆಲ್ಲಾ ಯಾರು ಬರ್ತಾರೆ" ಅಂದುಕೊಂಡು ಸುಮ್ಮನಾಗಬೇಡಿ, ಕೇಳಿ ನೋಡಿ.

ಕೊಕ್ಕರೆ ರೋಗದ ಬಗ್ಗೆ ನಮ್ಮತ್ತೆ ಹೆದರಿದ್ದು ಸುಮ್ಮನೆ ಅಲ್ಲ. ರಾಣಿಖೇತ್ ಅಂತ ಪುಸ್ತಕದಲ್ಲಿ ಬರೆಯುವುದು ಇದನ್ನೇ. ಒಂದು ಸಲ ಹೊಕ್ಕರೆ ಓಣಿಯ ಗೂಡುಗಳೆಲ್ಲ ಖಾಲಿ. ಅದರಲ್ಲೂ ಹಸಿರು ಭೇದಿ ಇರುತ್ತೆ, ಆದರೆ ಜೊತೆಗೆ ಬಾಯಿ ತೆರೆದು ಏದುಸಿರು, ಕುತ್ತಿಗೆ ತಿರುಚಿಕೊಳ್ಳುವುದು, ಕಾಲು ರೆಕ್ಕೆ ಬಿದ್ದುಹೋಗುವುದು ಕಾಣಬಹುದು, ಒಂದರ ಹಿಂದೆ ಒಂದು ಮಲಗುತ್ತವೆ. ವೈರಸ್ಸಿನಿಂದ ಬರುವ ರೋಗ, ಬಂದಮೇಲೆ ಔಷಧಿ ಇಲ್ಲ. ಲಸಿಕೆ ಮಾತ್ರ: ಮರಿಗೆ ಮೊದಲ ವಾರದಲ್ಲಿ ಹನಿ, ನಾಲ್ಕು ವಾರಕ್ಕೆ ಮತ್ತೊಮ್ಮೆ, ಎಂಟು ವಾರದ ಹೊತ್ತಿಗೆ ಚುಚ್ಚುಮದ್ದು. ಒಂದು ಸೀಸೆಯಲ್ಲಿ ನೂರಾರು ಕೋಳಿಗಾಗುವಷ್ಟು ಇರುತ್ತೆ, ಕಲಸಿದ ಮೇಲೆ ಬೇಗ ಮುಗಿಸಬೇಕು. ನಾವು ಓಣಿಯ ಐದಾರು ಮನೆಯವರು ಸೇರಿ, ಐಸ್ ತುಂಬಿದ ಫ್ಲಾಸ್ಕಿನಲ್ಲಿ ತಂದು, ಒಂದೇ ಬೆಳಿಗ್ಗೆ ಎಲ್ಲರ ಕೋಳಿಗೂ ಹಾಕಿಸುತ್ತೇವೆ. ನಿಮ್ಮ ಉಳಿದ ಮೂರಕ್ಕೆ ಲಸಿಕೆ ಆಗಿದೆಯಾ? ಆಗಿಲ್ಲದಿದ್ದರೆ ಕೇಳಿ ಹಾಕಿಸಿ. ಕಾಯಿಲೆಯ ಕೋಳಿಗೆ ಈಗ ಬೇಡ. ಅವುಗಳ ನೀರಿನ ಬಟ್ಟಲು, ನಿಮ್ಮ ಚಪ್ಪಲಿ ಎಲ್ಲವೂ ಬೇರೆ ಇರಲಿ, ಚೆನ್ನಾಗಿರುವುದಕ್ಕೆ ಮೊದಲು ಕಾಳು ಹಾಕಿ ಕಾಯಿಲೆಯದರ ಹತ್ತಿರ ಕೊನೆಗೆ ಹೋಗಿ. ಪ್ರತಿಸಲ ಸೋಪು ಹಾಕಿ ಕೈ ತೊಳೆಯಿರಿ. ಮಗಳಿಗೂ ಹೇಳಿ, ಈಗ ಮುದ್ದಿಸುವುದು ಬೇಡ, ದೂರದಿಂದ ಮಾತಾಡಿಸಲಿ. ಇದ್ದಕ್ಕಿದ್ದಂತೆ ಎರಡು ಮೂರು ಕೋಳಿ ಸತ್ತರೆ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ, ಹಕ್ಕಿಜ್ವರದ ಅನುಮಾನವನ್ನು ಅವರೇ ಪರೀಕ್ಷೆ ಮಾಡಿಸಬೇಕು.

ಮನೆಯಲ್ಲಿ ಉಳಿದ ಜ್ವರದ ಮಾತ್ರೆ, ಆಂಟಿಬಯಾಟಿಕ್ ಚೂರು ಕೊಡಬೇಡಿ. ಸಾರಾಯಿ, ಸೀಮೆಎಣ್ಣೆ ಹಾಕುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ, ಅದು ಚಿಕಿತ್ಸೆಯಲ್ಲ, ಹಿಂಸೆ. ಡಾಕ್ಟರ್ ಔಷಧಿ ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತಲೂ ಕೇಳಿಕೊಳ್ಳಿ.

ಚೀಲ ಖಾಲಿಯಿದ್ದು, ಕೋಳಿಗೆ ಸ್ವಲ್ಪ ಚೈತನ್ಯ ಬಂದರೆ ಆಹಾರ ಶುರು ಮಾಡಿ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿಮಾಡಿ, ಅಥವಾ ಉಪ್ಪಿಲ್ಲದ ರಾಗಿ ಗಂಜಿಯನ್ನು ಗಟ್ಟಿ ಮಾಡಿ, ತಟ್ಟೆಯಲ್ಲಿಡಿ. ತಿನ್ನದಿದ್ದರೆ ತೋರುಬೆರಳಿನ ಉಗುರಿನಿಂದ ತಟ್ಟೆಯನ್ನು ಟಕ್ ಟಕ್ ಎಂದು ಕುಟ್ಟಿ. ತಾಯಿಕೋಳಿ ಮರಿಗೆ ತಿನ್ನಲು ಕಲಿಸುವ ಶಬ್ದ ಅದು. ಆಸ್ಪತ್ರೆಯಿಂದ ಬಂದ ಮೇಲೆ ಚುಕ್ಕಿ ಎರಡು ದಿನ ಏನನ್ನೂ ಮುಟ್ಟಲಿಲ್ಲ. ಮೂರನೇ ದಿನ ಸಂಜೆ ಹೀಗೆ ಕುಟ್ಟುತ್ತಾ ಕೂತಿದ್ದಾಗ ಒಂದು ಕಣ್ಣು ತೆರೆದು ತಟ್ಟೆ ನೋಡಿ, ನನ್ನ ಉಗುರಿಗೆ ಅಂಟಿದ್ದ ಹಳದಿ ಚೂರನ್ನು ಹೆಕ್ಕಿತು. ಅಲ್ಲಿಂದ ದಿನಕ್ಕೆ ಆರು ಸಲ, ಒಂದೊಂದು ಚಮಚದಷ್ಟು, ಒಂದು ವಾರ.

ಇವತ್ತು ರಾತ್ರಿ ಪೆಟ್ಟಿಗೆಯಲ್ಲಿ ನೀರು ಮಾತ್ರ ಇಡಿ, ಮೇವು ಬೇಡ. ಬೆಳಿಗ್ಗೆ ಎದ್ದಕೂಡಲೇ, ಏನೂ ಹಾಕುವ ಮುಂಚೆ, ಚೀಲ ಮುಟ್ಟಿ ನೋಡಿ. ಗಟ್ಟಿಯಿದೆಯಾ, ಬಲೂನಿನ ಹಾಗಿದೆಯಾ, ಖಾಲಿಯಿದೆಯಾ, ರಾತ್ರಿಯ ಹಿಕ್ಕೆ ಯಾವ ಬಣ್ಣ, ಉಸಿರಾಡುವಾಗ ಬಾಯಿ ತೆರೆಯುತ್ತಿದೆಯಾ, ಇಷ್ಟನ್ನು ಬರೆದಿಟ್ಟುಕೊಂಡು 1962ಕ್ಕೆ ಫೋನ್ ಮಾಡಿ ಹೇಳಿ. ಇಲ್ಲೂ ಬರೆಯಿರಿ, ನಾನು ಬೆಳಿಗ್ಗೆ ಹಾಲು ಕರೆದು ಬಂದಮೇಲೆ ನೋಡುತ್ತೇನೆ.