‘ಸೂತ್ರದ ಗೊಂಬೆ’ ಲೇಖನದ ಬಗ್ಗೆ

ನಮಸ್ಕಾರ. ಅಮೆರಿಕನ್ ಫುಟ್‌ಬಾಲ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಜ್ಯಾರೆಡ್ ಗಾಫ್ ಬಗ್ಗೆ ನೀವು ಕಳಿಸಿದ ‘ಸೂತ್ರದ ಗೊಂಬೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು: 2016ರಲ್ಲಿ ರ‍್ಯಾಮ್ಸ್ ತಂಡದ ಕೋಚ್ ಜೆಫ್ ಫಿಶರ್ ಕೈಕೆಳಗೆ ಗಾಫ್ ಮೊದಲಿನಿಂದ ಆಡಿದ 7 ಪಂದ್ಯವೂ ಸೋಲು, ಮರುವರ್ಷ ಹೊಸ ಕೋಚ್ ಆಗಿ ಶಾನ್ ಮೆಕ್‌ವೇ ಬಂದರು, ಅದೇ ಹುಡುಗ 28 ಟಚ್‌ಡೌನ್ (ಅಂಕ ತರುವ ಎಸೆತ) ಎಸೆದ, ಹಾಗಾಗಿ ಎಲ್ಲಾ ಕೋಚ್ ಕೈಚಳಕ. ಮೊದಲು ಒಂದು ತಪ್ಪು ತಿದ್ದಿಕೊಳ್ಳಿ. ಆ 7ರಲ್ಲಿ ಫಿಶರ್ ಕಾಲದ್ದು 4 ಮಾತ್ರ. ಡಿಸೆಂಬರ್‌ನಲ್ಲಿ ಅವರನ್ನು ತೆಗೆದರು, ಉಳಿದ 3 ಹಂಗಾಮಿ ಕೋಚ್ ಜಾನ್ ಫ್ಯಾಸೆಲ್ ಕಾಲದ್ದು. ಇನ್ನು 2017ರಲ್ಲಿ ರ‍್ಯಾಮ್ಸ್‌ಗೆ ಮೆಕ್‌ವೇ ಒಬ್ಬರೇ ಬರಲಿಲ್ಲ. ಗಾಫ್‌ನ ಎಡಬದಿ ಕಾಯಲು ಆಂಡ್ರೂ ವಿಟ್‌ವರ್ತ್ ಬಂದ, ಚೆಂಡು ಹಿಡಿಯಲು ರಾಬರ್ಟ್ ವುಡ್ಸ್, ಕೂಪರ್ ಕಪ್ ಬಂದರು. ಇವರ ಹೆಸರೇ ನಿಮ್ಮಲ್ಲಿಲ್ಲ. ಇವರ ಪಾಲನ್ನೂ ಕೋಚ್ ಲೆಕ್ಕಕ್ಕೇ ಬರೆದಂತಾಯಿತು, ಅಲ್ವಾ?

ಕ್ರಿಕೆಟ್ ಹೋಲಿಕೆ ತೆಗೆದುಬಿಡಿ. ಕ್ರಿಕೆಟ್‌ನಲ್ಲಿ ಮೈದಾನಕ್ಕೆ ಇಳಿದ ಮೇಲೆ ನಾಯಕನದೇ ಮಾತು. ಇಲ್ಲಿ ಹೆಚ್ಚುಕಡಿಮೆ ಪ್ರತಿ ಪ್ಲೇ (ಮುಂದಿನ ನಡೆ ಹೇಗಿರಬೇಕು ಅನ್ನುವ ಯೋಜನೆ) ಕೂಡ ಹೊರಗಿನಿಂದಲೇ ಬರುತ್ತದೆ.

ಹೇಗೆ ಬರುತ್ತದೆ ಅನ್ನುವುದೇ ನಿಮ್ಮ ಲೇಖನದ ಜೀವ. ಅದನ್ನು ಸುಮ್ನೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ ಒಳಗೆ ಸ್ಪೀಕರ್ ಇದೆ, ಕೋಚ್ ಮಾತು ನೇರ ಕಿವಿಗೆ ಬೀಳುತ್ತದೆ, ಪ್ಲೇ ಕ್ಲಾಕ್‌ನಲ್ಲಿ (ಮುಂದಿನ ಪ್ಲೇ ಶುರುಮಾಡಲು ಇರುವ ಸಮಯ ತೋರಿಸುವ ಗಡಿಯಾರ) 15 ಸೆಕೆಂಡು ಉಳಿದಾಗ ಕಟ್ ಆಗುತ್ತದೆ. ಮೆಕ್‌ವೇ ತಂಡವನ್ನು ಬೇಗ ಬೇಗ ಸಾಲಿಗೆ ನಿಲ್ಲಿಸಿ, ಎದುರಾಳಿಗಳು ಹೇಗೆ ನಿಂತಿದ್ದಾರೆ ಅಂತ ನೋಡಿ, ರೇಡಿಯೋ ನಿಲ್ಲುವ ಮೊದಲೇ ಗಾಫ್‌ಗೆ ಹೇಳಿಬಿಡುತ್ತಿದ್ದರು. ಆಮೇಲೆ ಎದುರಾಳಿಯೊಬ್ಬ ಜಾಗ ಬದಲಿಸಿದರೆ? ಕಿವಿಯಲ್ಲಿ ಯಾರೂ ಇಲ್ಲ. ಗಾಫ್ ಚೆಂಡನ್ನು ತಂಡದ ಓಟಗಾರ ಟಾಡ್ ಗರ್ಲಿ ಹೊಟ್ಟೆಗೆ ಒತ್ತಿದಂತೆ ಮಾಡಿ ಹಿಂದಕ್ಕೆ ಎಳೆದುಕೊಳ್ಳುತ್ತಾನೆ, ಆ ಹೊತ್ತಿನಲ್ಲಿ ಎದುರಾಳಿಗಳ ಕಡೆಗೆ ಅವನ ಬೆನ್ನು, ತಿರುಗಿ ನೋಡುವಷ್ಟರಲ್ಲಿ ಖಾಲಿ ಇರಬೇಕಾದ ಜಾಗದಲ್ಲಿ ಯಾರೋ ನಿಂತಿದ್ದಾನೆ. ಎಸೆಯಬೇಕೋ ಬೇಡವೋ, ಅವನೇ ನೋಡಿಕೊಳ್ಳಬೇಕು. ಕೋಚ್ ಕೆಲಸ ಎಲ್ಲಿ ಮುಗಿಯಿತು, ಹುಡುಗನದು ಎಲ್ಲಿ ಶುರುವಾಯಿತು ಅನ್ನುವುದು ಅಲ್ಲಿ ಕಾಣುತ್ತದೆ. ಲೇಖನವನ್ನು ಅಲ್ಲಿಂದಲೇ ಶುರುಮಾಡಿ. ಇಂಥ ಒಂದು ಎಸೆತವನ್ನು ಚೆನ್ನಾಗಿ ಬರೆದರೆ ಅಂಕಿಗಳ ಆ ಎರಡು ಪುಟ ಬೇಕಾಗುವುದಿಲ್ಲ.

ನನಗೆ ನಿಜವಾಗಿ ಬೇಸರವಾದದ್ದು ಕೊನೆ ನೋಡಿ. 2019ರ ಫೆಬ್ರವರಿಯಲ್ಲಿ ಸೀಸನ್‌ನ ಫೈನಲ್ ಆದ ಸೂಪರ್ ಬೌಲ್ ಅನ್ನು 3–13ರಿಂದ ಸೋತಲ್ಲಿಗೆ ನಿಲ್ಲಿಸಿದ್ದೀರಿ. ಅಲ್ಲಿಗೆ ನಿಲ್ಲಿಸಿದರೆ ನಿಮ್ಮ ವಾದ ಗೆದ್ದಂತೆ ಕಾಣುತ್ತದೆ, ಅಷ್ಟೇ. 2021ರಲ್ಲಿ ರ‍್ಯಾಮ್ಸ್ ಅವನನ್ನು ಡೆಟ್ರಾಯಿಟ್‌ನ ಲಯನ್ಸ್ ತಂಡಕ್ಕೆ ಕೊಟ್ಟು ಅಲ್ಲಿನ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟ್ಯಾಫರ್ಡ್‌ನನ್ನು ತಂದಿತು, ಮುಂದಿನ ಸೀಸನ್‌ನಲ್ಲೇ ಸೂಪರ್ ಬೌಲ್ ಗೆದ್ದಿತು. ಗಾಫ್ ಕಥೆ ಮುಗಿಯಿತು ಅಂದವರು ಆಗ ಜಾಸ್ತಿ. 2024ರ ಜನವರಿಯಲ್ಲಿ ಅದೇ ಮೆಕ್‌ವೇ, ಅದೇ ಸ್ಟ್ಯಾಫರ್ಡ್ ಪ್ಲೇಆಫ್ ಆಡಲು ಡೆಟ್ರಾಯಿಟ್‌ಗೆ ಬಂದರು. ಗಾಫ್‌ನ 27 ಎಸೆತಗಳಲ್ಲಿ 22 ಗುರಿ ಮುಟ್ಟಿದವು, ಲಯನ್ಸ್ 24–23ರಿಂದ ಗೆದ್ದಿತು, ಅದು ಆ ತಂಡಕ್ಕೆ 32 ವರ್ಷಗಳಲ್ಲಿ ಮೊದಲ ಪ್ಲೇಆಫ್ ಗೆಲುವು. ಇಡೀ ಸ್ಟೇಡಿಯಂ ಅವನ ಹೆಸರು ಹಿಡಿದು ಕೂಗಿತು. ಅಲ್ಲಿಯೂ ಪ್ಲೇ ಹೇಳಿಕೊಡಲು ಬೆನ್ ಜಾನ್ಸನ್ ಅಂಥ ಒಳ್ಳೆಯ ಕೋಚ್ ಇದ್ದರು, ಅದನ್ನೂ ಮುಚ್ಚಿಡದೆ ಬರೆಯಿರಿ.

ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ. ಆ ಶೀರ್ಷಿಕೆ ಮಾತ್ರ ಬೇಡ.